ಡಿಎನ್‌ಎಸ್ ಬದಲಿಸಿದ ಜಾನ್ ಪೋಸ್ಟೆಲ್

ಹಾಸ್ಟೆಲ್ ವೈಫೈನಲ್ಲಿ ಸೈಟ್ ಓಪನ್ ಆಗ್ಲಿಲ್ಲ ಅಂದ್ರೆ ನಾವು ಮೊದಲು ಮಾಡೋದು ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ 8.8.8.8 ಹಾಕೋದು. ಫೈರ್‌ವಾಲ್‌ನಲ್ಲಿ ಪೋರ್ಟ್ 53 ಬ್ಲಾಕ್ ಆಗಿದ್ರೆ ಅದೂ ನಡೆಯಲ್ಲ. ಅಲ್ಲಿ ನಾವು ಬದಲಿಸೋದು ಇಷ್ಟೇ: ಸೈಟ್‌ನ ಹೆಸರು ಕೊಟ್ಟು ಅದರ ಐಪಿ ನಂಬರನ್ನ ಯಾರ ಹತ್ರ ಕೇಳ್ಬೇಕು ಅನ್ನೋದು. ಇದನ್ನೇ ಇಡೀ ಇಂಟರ್ನೆಟ್ ಮಟ್ಟದಲ್ಲಿ ಮಾಡಿದವರು ಜಾನ್ ಪೋಸ್ಟೆಲ್.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್. ಯುಸಿಎಲ್‌ಎನಲ್ಲಿ ಓದುತ್ತಿದ್ದಾಗಲೇ ಅರ್ಪಾನೆಟ್ ಕೆಲಸಕ್ಕೆ ಇಳಿದರು. 1969ರಿಂದ ಸಾಯುವ ತನಕ ಆರ್‌ಎಫ್‌ಸಿ ದಾಖಲೆಗಳ ಸಂಪಾದಕರು ಅವರೇ. ಯಾವ ಪ್ರೋಟೋಕಾಲ್‌ಗೆ ಯಾವ ನಂಬರ್ ಅನ್ನೋ ಪಟ್ಟಿಯೂ ಅವರ ಹತ್ರಾನೇ ಇತ್ತು. ನಮಗೆ ಅಡ್ಡ ಬರೋ ಆ 53 ಕೂಡ ಅದೇ ಪಟ್ಟಿಯದ್ದು.

ಆಗೆಲ್ಲ ನೆಟ್‌ವರ್ಕ್‌ನ ಅಷ್ಟೂ ಕಂಪ್ಯೂಟರ್‌ಗಳ ಹೆಸರು ಒಂದೇ ಫೈಲ್‌ನಲ್ಲಿ ಇರುತ್ತಿತ್ತು. ಎಲ್ಲರೂ ಅದನ್ನೇ ಕಾಪಿ ಮಾಡಿಕೊಳ್ಳಬೇಕಿತ್ತು. ನೆಟ್‌ವರ್ಕ್ ಬೆಳೆದ ಹಾಗೆ ಅದು ಸಾಲದಾಯಿತು. ಹೊಸ ದಾರಿ ಹುಡುಕುವ ಕೆಲಸವನ್ನು ಪೋಸ್ಟೆಲ್ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಕೊಟ್ಟರು. 1983ರಲ್ಲಿ ಡಿಎನ್‌ಎಸ್ ಹುಟ್ಟಿದ್ದು ಹಾಗೆ.

ಡಿಎನ್‌ಎಸ್‌ನ ತುದಿಯಲ್ಲಿರೋದು ರೂಟ್ ಸರ್ವರ್‌ಗಳು. 1998ರಲ್ಲಿ 13 ಇದ್ದವು. ಮೂಲ ಪ್ರತಿ ಅಮೆರಿಕ ಸರ್ಕಾರದ ಗುತ್ತಿಗೆ ಪಡೆದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ ಕೈಯಲ್ಲಿತ್ತು. ಇಂಟರ್ನೆಟ್ ಹೆಸರುಗಳ ಮೇಲೆ ಹಕ್ಕು ಯಾರದು ಅಂತ ಜಗಳ ನಡೆಯುತ್ತಿತ್ತು. ಜನವರಿ 28ರಂದು ಪೋಸ್ಟೆಲ್ ಎಂಟು ರೂಟ್ ಸರ್ವರ್ ನೋಡಿಕೊಳ್ಳುವವರಿಗೆ ಇಮೇಲ್ ಕಳಿಸಿದರು: ಇನ್ನು ಮುಂದೆ ಪಟ್ಟಿಯನ್ನು ಆ ಕಂಪನಿಯಿಂದ ಬೇಡ, ನನ್ನ ಸರ್ವರ್‌ನಿಂದ ತಗೊಳ್ಳಿ ಅಂತ. ಎಂಟೂ ಜನ ಒಪ್ಪಿ ಬದಲಿಸಿಬಿಟ್ಟರು! ಎರಡೂ ಕಡೆ ಪಟ್ಟಿ ಒಂದೇ ಆಗಿದ್ದರಿಂದ ಬಳಸೋರಿಗೆ ಏನೂ ಗೊತ್ತಾಗಲಿಲ್ಲ. ಸರ್ಕಾರಕ್ಕೆ ಮಾತ್ರ ಸಿಟ್ಟು ಬಂತು. ಅದು ಬರೀ ಟೆಸ್ಟ್ ಅಂತ ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಅದೇ ವರ್ಷ ಈ ಹೊಣೆ ಹೊರಲು ಐಕ್ಯಾನ್ ಸಂಸ್ಥೆ ಶುರುವಾಯಿತು. ಅದು ಕಣ್ಣು ಬಿಡೋ ಹೊತ್ತಿಗೆ, ಅಕ್ಟೋಬರ್ 16ರಂದು, ಹೃದಯದ ಆಪರೇಷನ್ ನಂತರ ಪೋಸ್ಟೆಲ್ ತೀರಿಕೊಂಡರು. ವಯಸ್ಸು ಬರೀ 55.

ಆ ಎಂಟು ಜನಕ್ಕೆ ಆರ್ಡರ್ ಮಾಡೋ ಅಧಿಕಾರ ಅವರಿಗೆ ಯಾವ ಕಾಗದದಲ್ಲೂ ಇರಲಿಲ್ಲ. ಇಷ್ಟು ವರ್ಷ ಪಟ್ಟಿಯನ್ನು ಸರಿಯಾಗಿ ಇಟ್ಟಿದ್ದಾರೆ ಅನ್ನೋ ನಂಬಿಕೆ ಇತ್ತು, ಅಷ್ಟೇ. ನಾವು ಡಿಎನ್‌ಎಸ್ ಬದಲಿಸಿದಾಗಲೂ ಆಗೋದು ಇದೇ. ಯಾವ್ಯಾವ ಸೈಟ್ ಹುಡುಕಿದ್ವಿ ಅನ್ನೋದು ಇನ್ಮೇಲೆ ಆ ಹೊಸ ಸರ್ವರ್‌ಗೆ ಗೊತ್ತಾಗುತ್ತೆ. ಆ ನಾಲ್ಕು ಅಂಕಿ ಟೈಪ್ ಮಾಡೋ ಮುಂಚೆ, ಅದು ಯಾರದ್ದು ಅಂತ ಒಂದ್ಸಲ ನೋಡೋಣ.