ಕಣ್ಣಿಗೆ ಕಲಿಸಿದ ಪಾಠ

ಬೆಂಗಳೂರಿನ ದಂಡು ಪ್ರದೇಶದಲ್ಲಿ 1883ರಲ್ಲಿ ನೆಲೆಸಿದ್ದ ಯುವ ಸೇನಾ ವೈದ್ಯರೊಬ್ಬರು ತಮ್ಮ ಬಂಗಲೆಯ ಸೊಳ್ಳೆ ಕಾಟದಿಂದ ಬೇಸತ್ತಿದ್ದರು. ಕಿಟಕಿಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಹರಿದಾಡುವುದನ್ನು ಕಂಡು ತೊಟ್ಟಿಯನ್ನು ಬರಿದು ಮಾಡಿಸಿದರು, ಕಾಟ ಇಳಿಯಿತು. ಉಳಿದೆಡೆಯೂ ಹೀಗೆಯೇ ಮಾಡೋಣವೆಂಬ ಅವರ ಸಲಹೆಯನ್ನು ಅಧಿಕಾರಿಯೊಬ್ಬರು ತಳ್ಳಿಹಾಕಿದರು. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂಬುದು ಆಗ ಆ ವೈದ್ಯರಿಗೂ ತಿಳಿದಿರಲಿಲ್ಲ. ಅವರೇ ರೊನಾಲ್ಡ್ ರಾಸ್.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದವರೆಂದು ರಾಸ್ ಶಾಲಾ ಪುಸ್ತಕಗಳಲ್ಲಿ ಬರುತ್ತಾರೆ. ಆದರೆ ಅವರ ಬದುಕಿನ ತಿರುವು ಇರುವುದು ಅದಕ್ಕೂ ಮೊದಲು, ನೋಡಲು ಬಾರದವರು ನೋಡಲು ಕಲಿತ ಗಳಿಗೆಯಲ್ಲಿ.

ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಒಲವು ಸಾಹಿತ್ಯ, ಕಲೆಗಳ ಕಡೆಗಿದ್ದರೂ ಸೇನಾಧಿಕಾರಿಯಾಗಿದ್ದ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಕೀಯ ಓದಿದರು. ಓದಿನಲ್ಲಿ ಮುಂದಿರಲಿಲ್ಲ. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆ ಸೇರಿದ ಮೇಲೂ ಬಿಡುವಿನ ಹೊತ್ತು ಕಾವ್ಯಕ್ಕೂ ಗಣಿತಕ್ಕೂ ಸಲ್ಲುತ್ತಿತ್ತು. 1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಎಮಾನ್ಯುಯೆಲ್ ಕ್ಲೈನ್ ಅವರ ಬಳಿ ಬ್ಯಾಕ್ಟೀರಿಯಾ ಶಾಸ್ತ್ರದ ತರಬೇತಿ ಪಡೆದರು. ಪ್ರಯೋಗಾಲಯದ ಶಿಸ್ತು ಕೈಗೆ ಹತ್ತಿದ್ದು ಅಲ್ಲಿಂದ.

ಆದರೂ ಕಣ್ಣು ಪಳಗಿರಲಿಲ್ಲ. ಮಲೇರಿಯಾ ರೋಗಿಗಳ ರಕ್ತದಲ್ಲಿ ಪರಾವಲಂಬಿ ಜೀವಿಯಿದೆಯೆಂದು ಫ್ರೆಂಚ್ ವೈದ್ಯ ಲ್ಯಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಕಂಡಿದ್ದರು. ಭಾರತದಲ್ಲಿ ರಾಸ್ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಸಿಗದಿದ್ದುದರಿಂದ ಅದು ಇಲ್ಲವೆಂದೇ ನಂಬಿದರು. ಜ್ವರದ ಮೂಲ ಕರುಳಿನಲ್ಲಿದೆಯೆಂದು ಲೇಖನಗಳನ್ನೂ ಬರೆದರು. ಕಾಣದ್ದನ್ನು ಇಲ್ಲವೆಂದು ಬಗೆಯುವ ಈ ತಪ್ಪು ಪ್ರಯೋಗಾಲಯದಲ್ಲಿ ಅತ್ಯಂತ ಸುಲಭವಾಗಿ ಘಟಿಸುವಂಥದ್ದು.

1894ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು ಭೇಟಿಯಾದರು. ಮ್ಯಾನ್ಸನ್ ವಾದಕ್ಕಿಳಿಯಲಿಲ್ಲ, ಮಲೇರಿಯಾ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು, ರಕ್ತಕಣದೊಳಗಿನ ಜೀವಿಯನ್ನೂ ಅದರಲ್ಲಿನ ಕಪ್ಪು ವರ್ಣಕಣಗಳನ್ನೂ ತೋರಿಸಿಕೊಟ್ಟರು. ರಾಸ್ ತಮ್ಮ ಹಳೆಯ ನಿಲುವನ್ನು ಬಿಟ್ಟುಕೊಟ್ಟರು. ಈ ಜೀವಿಯ ಬೆಳವಣಿಗೆಯಲ್ಲಿ ಸೊಳ್ಳೆಯ ಪಾತ್ರವಿರಬೇಕೆಂಬ ಊಹೆಯನ್ನೂ ಮ್ಯಾನ್ಸನ್ ಅವರ ಮುಂದಿಟ್ಟರು.

1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಸೊಳ್ಳೆಗಳನ್ನು ಕೊಯ್ದು ನೋಡತೊಡಗಿದರು. ನಡುವೆ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ಕಳುಹಿಸಲಾಯಿತು. ಎರಡು ವರ್ಷ ಫಲ ಸಿಗಲಿಲ್ಲ. ಅವರು ಪರೀಕ್ಷಿಸುತ್ತಿದ್ದುದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು ಎಂಬುದು ಅವರಿಗೆ ತಿಳಿದಿರಲಿಲ್ಲ.

1897ರ ಆಗಸ್ಟ್‌ನಲ್ಲಿ ಮಚ್ಚೆಯುಳ್ಳ ರೆಕ್ಕೆಯ ಕೆಲವು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಅವುಗಳಿಗೆ ತಮ್ಮ ರಕ್ತವುಣಿಸಿದರು. ಸೆಕೆ ಬೇಯಿಸುತ್ತಿದ್ದರೂ ಸಣ್ಣ ಕೀಟಗಳು ಹಾರಿಹೋದಾವೆಂದು ಪಂಕ ಬೀಸುವಂತಿರಲಿಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳ ಒಳಗಿದ್ದುದು ಅದೇ ಕಪ್ಪು ವರ್ಣಕಣಗಳು! ಮೂರು ವರ್ಷಗಳ ಹಿಂದೆ ಮ್ಯಾನ್ಸನ್ ಅದನ್ನು ಗುರುತಿಸಲು ಕಲಿಸಿರದಿದ್ದರೆ ರಾಸ್ ಅಂದು ಆ ಕೋಶಗಳನ್ನು ದಾಟಿಹೋಗುತ್ತಿದ್ದರೇನೋ.

1898ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಮೊಹಮ್ಮದ್ ಬಕ್ಸ್ ನೆರವಿನಿಂದ ಹಕ್ಕಿಗಳ ಮಲೇರಿಯಾವನ್ನು ಬೆನ್ನುಹತ್ತಿ, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿ ತಲುಪುವುದನ್ನು ತೋರಿಸಿದರು. ಮನುಷ್ಯರ ಮಲೇರಿಯಾದಲ್ಲಿ ಇದನ್ನು ಪೂರ್ಣವಾಗಿ ಸಾಬೀತುಪಡಿಸಿದ ಶ್ರೇಯ ಇಟಲಿಯ ಗ್ರಾಸಿ ಮತ್ತು ಸಂಗಡಿಗರದು. ಈ ಶ್ರೇಯದ ಪಾಲಿಗಾಗಿ ರಾಸ್ ಬಹುಕಾಲ ಕಹಿಯಾಗಿ ಕಾದಾಡಿದರು. ಕೊನೆಗೆ ಗುರು ಮ್ಯಾನ್ಸನ್‌ರೊಡನೆಯೂ ಸಂಬಂಧ ಹದಗೆಟ್ಟಿತು. ದೊಡ್ಡ ಸಾಧನೆಯೆಲ್ಲವೂ ದೊಡ್ಡ ಮನಸ್ಸನ್ನು ತರುವುದಿಲ್ಲ.

1903ರಲ್ಲಿ ಅವರು ನೀಡಿದ ಇನ್ನೊಂದು ಕೊಡುಗೆ ಹೆಚ್ಚು ಜನರಿಗೆ ತಿಳಿದಿಲ್ಲ. ತೆಳು ಲೇಪದಲ್ಲಿ ರೋಗಾಣು ವಿರಳವಾಗಿದ್ದರೆ ಕಣ್ತಪ್ಪುತ್ತದೆ. ಹನಿ ರಕ್ತವನ್ನು ಗಾಜಿನ ಮೇಲೆ ದಪ್ಪವಾಗಿ ಹರಡಿ, ಕೆಂಪು ಬಣ್ಣವನ್ನು ನೀರಿನಿಂದ ಕಳೆದು ನೋಡಿದರೆ ಹೆಚ್ಚು ರಕ್ತವನ್ನು ಒಮ್ಮೆಗೇ ಪರೀಕ್ಷಿಸಬಹುದು. ಈ ದಪ್ಪ ಲೇಪದ ವಿಧಾನ ಪ್ರಯೋಗಾಲಯಗಳಲ್ಲಿ ಇಂದಿಗೂ ಉಳಿದಿದೆ. ಕಾಣದ್ದನ್ನು ಇಲ್ಲವೆಂದು ಬಗೆದು ಒಮ್ಮೆ ಎಡವಿದವರೇ ಕಾಣಿಸುವ ಉಪಾಯವನ್ನು ಕೊಟ್ಟುಹೋದರು.

ರಾಸ್ 1932ರಲ್ಲಿ ತೀರಿಕೊಂಡರು. ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷಾ ಪಟ್ಟಿಗಳು ಇಂದು ಬಂದಿವೆ. ಆದರೆ ರೋಗಾಣುವಿನ ಜಾತಿಯನ್ನೂ ಪ್ರಮಾಣವನ್ನೂ ತಿಳಿಯಲು ಪಳಗಿದ ಕಣ್ಣು ಬೇಕೇ ಬೇಕು. ದಪ್ಪ ಲೇಪದ ಕನಿಷ್ಠ 100 ದೃಷ್ಟಿಕ್ಷೇತ್ರಗಳನ್ನು ನೋಡದೆ ರೋಗವಿಲ್ಲವೆಂದು ಬರೆಯಬಾರದೆಂಬುದು ನಿಯಮ. ಆ ತಾಳ್ಮೆಯನ್ನು ಯಂತ್ರ ಖರೀದಿಯ ಟೆಂಡರಿನಲ್ಲಿ ಕೊಳ್ಳಲಾಗದು. ಪಕ್ಕದಲ್ಲಿ ಕುಳಿತು ತೋರಿಸುವ ಗುರುವೊಬ್ಬರು ಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಮೂಲೆಯ ಕೋಣೆಯಲ್ಲಿ ಕುಳಿತ ತಂತ್ರಜ್ಞರಿಗೆ ಅಂಥ ಮ್ಯಾನ್ಸನ್‌ರನ್ನು ಒದಗಿಸಿದ್ದೇವೆಯೇ? ಅವರು ಬರೆಯುವ ಒಂದು ಪದದ ಮೇಲೆ ಜ್ವರದಿಂದ ನಡುಗುವ ಜೀವವೊಂದರ ಚಿಕಿತ್ಸೆ ನಿಂತಿರುತ್ತದೆ.