ಒಂದೇ ಜಾಡಿನಲ್ಲಿ ಎರಡು ಕಿವಿ: ಅಲನ್ ಬ್ಲುಮ್‌ಲೈನ್ ಬದುಕು

1931ರ ಆರಂಭದ ದಿನಗಳು. ಇಪ್ಪತ್ತೇಳರ ಹರೆಯದ ಬ್ರಿಟಿಷ್ ಎಂಜಿನಿಯರ್ ಒಬ್ಬರು ತಮ್ಮ ಭಾವೀ ಪತ್ನಿಯೊಂದಿಗೆ ಚಿತ್ರಮಂದಿರದಲ್ಲಿ ಕುಳಿತಿದ್ದರು. ಸಿನಿಮಾಕ್ಕೆ ಮಾತು ಬಂದು ಆಗ ಕೆಲವೇ ವರ್ಷಗಳಾಗಿದ್ದವು. ತೆರೆಯ ಮೇಲೆ ನಟ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದುಹೋದರೂ ಅವನ ದನಿ ಮಾತ್ರ ಒಂದೇ ಜಾಗದಿಂದ ಕೇಳಿಸುತ್ತಿತ್ತು. ಪ್ರೇಕ್ಷಕರಾರಿಗೂ ಅದು ಕೊರತೆಯೆನಿಸಲಿಲ್ಲ. ಆ ಎಂಜಿನಿಯರ್‌ಗೆ ಅನಿಸಿತು. ಮನುಷ್ಯನಿಗೆ ಎರಡು ಕಿವಿಗಳಿರುವಾಗ ಯಂತ್ರಕ್ಕೆ ಒಂದೇ ಕಿವಿ ಏಕೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಅದನ್ನು ಸರಿಪಡಿಸುವ ಉಪಾಯ ತಮಗೆ ಹೊಳೆದಿದೆ ಎಂದು ಅವರು ಅಂದೇ ಜೊತೆಗಾತಿಗೆ ತಿಳಿಸಿದರಂತೆ.

ಅವರೇ ಅಲನ್ ಡವರ್ ಬ್ಲುಮ್‌ಲೈನ್. ಇಂದು ಜಗತ್ತಿನಲ್ಲಿ ತಿರುಗುವ ಪ್ರತಿಯೊಂದು ಸ್ಟೀರಿಯೊ ಗ್ರಾಮಫೋನ್ ತಟ್ಟೆಯ ಜಾಡಿನ ಆಕಾರವನ್ನು ಕಾಗದದ ಮೇಲೆ ವಿವರಿಸಿದವರು. ಆದರೆ ಅಂಗಡಿಯಲ್ಲಿ ಅಂಥ ತಟ್ಟೆ ಮಾರಾಟಕ್ಕೆ ಬಂದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಕರೆಗಂಟೆಯ ಬಿಲ್ಲು

ಬ್ಲುಮ್‌ಲೈನ್ ಜನಿಸಿದ್ದು 1903ರ ಜೂನ್ 29ರಂದು, ಲಂಡನ್‌ನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಪಾದ್ರಿಯೊಬ್ಬರ ಮಗಳು. ಏಳು ವರ್ಷದ ಅಲನ್ ಮನೆಯ ಕೆಟ್ಟ ಕರೆಗಂಟೆಯನ್ನು ರಿಪೇರಿ ಮಾಡಿ, ವಿದ್ಯುತ್ ಎಂಜಿನಿಯರ್ ಎಂದು ಸಹಿ ಹಾಕಿದ ಬಿಲ್ಲನ್ನು ತಂದೆಯ ಕೈಗಿತ್ತನೆಂಬ ಪ್ರಸಂಗವನ್ನು ಜೀವನಚರಿತ್ರೆಕಾರರು ಮರೆಯದೆ ದಾಖಲಿಸುತ್ತಾರೆ. ಅದೇ ಬಾಲಕನಿಗೆ ಓದು ಮಾತ್ರ ಸುಲಭವಾಗಿ ಒಲಿಯಲಿಲ್ಲ. ಹನ್ನೆರಡರ ವಯಸ್ಸಿನಲ್ಲೂ ಪುಸ್ತಕ ಓದಲು ತಡವರಿಸುತ್ತಿದ್ದವನು ಗಣಿತದ ವರ್ಗಸಮೀಕರಣಗಳನ್ನು ಬಿಡಿಸಬಲ್ಲವನಾಗಿದ್ದ. 1914ರಲ್ಲಿ ತಂದೆ ತೀರಿಕೊಂಡರು.

ಹೈಗೇಟ್ ಶಾಲೆಯ ಬಳಿಕ ವಿದ್ಯಾರ್ಥಿವೇತನ ಪಡೆದು ಲಂಡನ್‌ನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ಸೇರಿದ ಅವರು 1923ರಲ್ಲಿ ಪ್ರಥಮ ದರ್ಜೆಯ ಪದವೀಧರರಾದರು. ಮರುವರ್ಷ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ದೊರೆಯಿತು.

ಅಲ್ಲಿ ಅವರ ಪಾಲಿಗೆ ಬಂದದ್ದು ದೂರದ ಊರುಗಳ ನಡುವಿನ ದೂರವಾಣಿ ತಂತಿಗಳ ಸಮಸ್ಯೆ. ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಗೆ ಸೋರಿ, ಯಾರದೋ ಸಂಭಾಷಣೆ ಇನ್ನಾರಿಗೋ ಕೇಳಿಸುತ್ತಿತ್ತು. ಈ ಸೋರಿಕೆಯನ್ನು ತಡೆಯಲು ಮೊದಲು ಅದನ್ನು ಅಳೆಯಬೇಕು. ಅಳೆಯಲು ಎರಡೂ ತಂತಿಗಳನ್ನು ಸಮನಾದ ಸ್ಥಿತಿಯಲ್ಲಿಟ್ಟು ಹೋಲಿಸಬೇಕು. ಇಂಥ ಹೋಲಿಕೆಗೆಂದೇ ಅವರು ಅತಿ ಸೂಕ್ಷ್ಮವಾದ ವಿದ್ಯುತ್ ಅಳತೆಯ ಸೇತುಮಂಡಲವೊಂದನ್ನು ರೂಪಿಸಿದರು. ಎರಡು ಮಾರ್ಗಗಳು ಸಮನಾಗಿರಬೇಕು ಮತ್ತು ಒಂದು ಇನ್ನೊಂದಕ್ಕೆ ಸೋರಬಾರದು ಎಂಬ ಎರಡು ಪಾಠಗಳು ಮುಂದೆ ಅವರ ಬದುಕಿನುದ್ದಕ್ಕೂ ಜೊತೆಗೂಡಿದವು.

ಮೇಣ ಕೊರೆಯುವ ಕೆಲಸ

1929ರಲ್ಲಿ ಅವರು ಕೊಲಂಬಿಯಾ ಗ್ರಾಫೊಫೋನ್ ಕಂಪನಿಯನ್ನು ಸೇರಿದರು. ಅಲ್ಲಿನ ಮುಖ್ಯಸ್ಥ ಐಸಾಕ್ ಶೋನ್‌ಬರ್ಗ್ ವಹಿಸಿದ ಮೊದಲ ಹೊಣೆಯೇ ಕಠಿಣವಾದುದು. ಆ ಕಾಲದಲ್ಲಿ ವಿದ್ಯುತ್ ವಿಧಾನದಿಂದ ಧ್ವನಿ ಮುದ್ರಿಸುವ ವ್ಯವಸ್ಥೆಯ ಪೇಟೆಂಟ್ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕೈಯಲ್ಲಿತ್ತು. ಮಾರಾಟವಾದ ಪ್ರತಿ ತಟ್ಟೆಗೂ ಅದಕ್ಕೆ ರಾಯಲ್ಟಿ ತೆರಬೇಕಿತ್ತು. ಆ ಪೇಟೆಂಟ್‌ನ ಹಂಗಿಲ್ಲದ ಬೇರೊಂದು ವ್ಯವಸ್ಥೆಯನ್ನು ಬ್ಲುಮ್‌ಲೈನ್ ಕಟ್ಟಿಕೊಡಬೇಕಾಗಿತ್ತು.

ಮೇಣದ ತಟ್ಟೆಯಲ್ಲಿ ಜಾಡು ಕೊರೆಯುವ ಉಳಿಗೂ, ಮುಂದೆ ಆ ಜಾಡನ್ನು ಓದುವ ಮುಳ್ಳಿಗೂ ಇರುವ ತೊಂದರೆ ಒಂದೇ. ಇವೆರಡಕ್ಕೂ ತಮ್ಮದೇ ಆದ ತೂಕವಿದೆ, ಬಿಗಿತವಿದೆ. ಹಾಗಾಗಿ ಯಾವುದೋ ಒಂದು ಶ್ರುತಿಯಲ್ಲಿ ಅವು ತಾವಾಗಿಯೇ ಜೋರಾಗಿ ಮಿಡಿಯುತ್ತವೆ. ಇನ್ನೊಂದು ಶ್ರುತಿಯಲ್ಲಿ ಮಂಕಾಗುತ್ತವೆ. ಒಂದೇ ಬಲದಲ್ಲಿ ಬಂದ ಸ್ವರಗಳಲ್ಲಿ ಯಾವುದು ಎಷ್ಟು ಏರಿತು, ಯಾವುದು ಎಷ್ಟು ಇಳಿಯಿತು ಎಂಬುದರ ರೇಖಾಚಿತ್ರವೇ ಫ್ರೀಕ್ವೆನ್ಸಿ ರೆಸ್ಪಾನ್ಸ್. ರೇಖೆ ಸಮತಟ್ಟಾಗಿದ್ದಷ್ಟೂ ಉಪಕರಣ ಪ್ರಾಮಾಣಿಕ.

ವೆಸ್ಟರ್ನ್ ಎಲೆಕ್ಟ್ರಿಕ್ ಉಪಕರಣದಲ್ಲಿ ಈ ಅನಗತ್ಯ ಮಿಡಿತವನ್ನು ಹೀರಿಕೊಳ್ಳಲು ರಬ್ಬರ್ ಸರಳೊಂದನ್ನು ಜೋಡಿಸಲಾಗಿತ್ತು. ಆದರೆ ರಬ್ಬರ್ ಶೆಖೆಗೆ ಒಂದು ಬಗೆ, ಚಳಿಗೆ ಇನ್ನೊಂದು ಬಗೆ, ಹಳೆಯದಾದಂತೆ ಗಟ್ಟಿಯಾಗುತ್ತದೆ. ಬ್ಲುಮ್‌ಲೈನ್ ತಮ್ಮ ಸಹೋದ್ಯೋಗಿ ಹರ್ಬರ್ಟ್ ಹೋಲ್ಮನ್ ಜೊತೆಗೂಡಿ ಆ ದಾರಿಯನ್ನೇ ಬಿಟ್ಟರು. ಕಾಂತಕ್ಷೇತ್ರದಲ್ಲಿ ಚಲಿಸುವ ಸುರುಳಿಯಿಂದ ಉಳಿಯನ್ನು ನಡೆಸಿದರು. ಮಿಡಿತವನ್ನು ವಿದ್ಯುತ್ಕಾಂತೀಯ ತಡೆಯಿಂದಲೇ ತಗ್ಗಿಸಿದರು. ಇದರ ಲಾಭ ಇಷ್ಟೇ: ರಬ್ಬರಿನ ಗುಣವನ್ನು ಊಹಿಸಬೇಕಾಗಿತ್ತು, ಸುರುಳಿಯ ವರ್ತನೆಯನ್ನು ಮೊದಲೇ ಲೆಕ್ಕ ಹಾಕಬಹುದಿತ್ತು. ಎಲ್ಲಿ ಏರಿಳಿತ ಬರುವುದೆಂದು ತಿಳಿದ ಮೇಲೆ ಅದನ್ನು ವಿದ್ಯುತ್ ಮಂಡಲದಲ್ಲಿ ಸರಿದೂಗಿಸುವುದು ಕಷ್ಟವಲ್ಲ. ರಾಯಲ್ಟಿ ತಪ್ಪಿಸುವ ಸಲುವಾಗಿ ಹುಟ್ಟಿದ ಯಂತ್ರ ಮೂಲಕ್ಕಿಂತ ಉತ್ತಮವಾದ ಧ್ವನಿಯನ್ನೇ ಕೊಟ್ಟಿತು.

ಬೆಳಕಿನ ಪಟ್ಟಿಯ ಸಾಕ್ಷ್ಯ

ಆದರೆ ಕೊರೆದದ್ದು ಸರಿಯಿದೆಯೆಂದು ತಿಳಿಯುವುದು ಹೇಗೆ? ತಟ್ಟೆಯನ್ನು ನುಡಿಸಿ ಅಳೆದರೆ ಸಿಗುವುದು ಉಳಿ ಮತ್ತು ಮುಳ್ಳು ಎರಡರ ತಪ್ಪುಗಳ ಮೊತ್ತ. ಯಾರ ತಪ್ಪು ಎಷ್ಟು ಎಂಬುದು ಅದರಿಂದ ತಿಳಿಯದು. ಈ ತೊಡಕಿಗೆ 1930ರಲ್ಲಿ ಜರ್ಮನಿಯ ಬುಖ್‌ಮನ್ ಮತ್ತು ಮೇಯರ್ ಸರಳ ಪರಿಹಾರ ಸೂಚಿಸಿದರು. ತಟ್ಟೆಯ ಮೇಲೆ ಓರೆಯಾಗಿ ಬೆಳಕು ಬಿಟ್ಟರೆ ಜಾಡಿನ ಗೋಡೆಗಳಿಂದ ಪ್ರತಿಫಲಿಸಿದ ಬೆಳಕು ಪಟ್ಟಿಯಂತೆ ಕಾಣುತ್ತದೆ. ಉಳಿ ಎಷ್ಟು ವೇಗವಾಗಿ ಅತ್ತಿತ್ತ ಆಡಿತ್ತೋ ಪಟ್ಟಿ ಅಷ್ಟು ಅಗಲ. ಮುಳ್ಳು ಸೋಕಿಸದೆಯೇ ತಟ್ಟೆಯಲ್ಲಿ ಏನಿದೆಯೆಂದು ಅಳೆಯುವುದು ಇದರಿಂದ ಸಾಧ್ಯವಾಯಿತು. ಹಾಗೆ ಅಳೆದಿಟ್ಟ ತಟ್ಟೆಯನ್ನು ನುಡಿಸಿದಾಗ ಕಾಣುವ ಏರಿಳಿತ ಓದುವ ಉಪಕರಣದ್ದೇ ಎಂದು ಧೈರ್ಯವಾಗಿ ಹೇಳಬಹುದಾಯಿತು.

ಎರಡು ಗೋಡೆ, ಎರಡು ದನಿ

1931ರಲ್ಲಿ ಕೊಲಂಬಿಯಾ ಕಂಪನಿಯು ನಾಯಿಯ ಚಿತ್ರದ ಎಚ್‌ಎಂವಿ ತಟ್ಟೆಗಳನ್ನು ತಯಾರಿಸುತ್ತಿದ್ದ ಗ್ರಾಮಫೋನ್ ಕಂಪನಿಯೊಂದಿಗೆ ವಿಲೀನಗೊಂಡು ಇಎಂಐ ಉದಯವಾಯಿತು. ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾಗಿ ನಮ್ಮ ನಾಡಿನ ಮನೆಗಳಿಗೂ ಬರುತ್ತಿದ್ದವು ಇದೇ ಬಳಗದ ತಟ್ಟೆಗಳು. ಅದೇ ವರ್ಷದ ಡಿಸೆಂಬರ್ 14ರಂದು ಬ್ಲುಮ್‌ಲೈನ್ ಸಲ್ಲಿಸಿದ 394325 ಸಂಖ್ಯೆಯ ಪೇಟೆಂಟ್‌ನಲ್ಲಿ 70 ಹಕ್ಕು ಮಂಡನೆಗಳಿದ್ದವು. ಎರಡು ಮೈಕ್ರೊಫೋನ್‌ಗಳನ್ನು ಜೋಡಿಸುವ ಕ್ರಮದಿಂದ ಹಿಡಿದು ಚಿತ್ರಮಂದಿರದ ಧ್ವನಿಯವರೆಗೆ ಎಲ್ಲವೂ ಅದರಲ್ಲಿತ್ತು. ಗ್ರಾಮಫೋನ್ ತಟ್ಟೆಗೆ ಸಂಬಂಧಿಸಿದ ಭಾಗ ಇಂದಿಗೂ ಬಳಕೆಯಲ್ಲಿದೆ.

ಒಂದೇ ಜಾಡಿನಲ್ಲಿ ಎರಡು ದನಿಗಳನ್ನು ಅಡಗಿಸಲು ಎರಡು ದಾರಿಗಳಿದ್ದವು. ಒಂದನ್ನು ಅಡ್ಡ ಚಲನೆಯಲ್ಲಿ, ಇನ್ನೊಂದನ್ನು ಮೇಲು ಕೆಳಗಿನ ಚಲನೆಯಲ್ಲಿ ಬರೆಯುವುದು ಮೊದಲನೆಯದು. ಆದರೆ ಅಡ್ಡ ಚಲನೆಯ ಗುಣವೇ ಬೇರೆ, ಲಂಬ ಚಲನೆಯ ಗುಣವೇ ಬೇರೆ. ಎಡಗಿವಿಗೊಂದು ನ್ಯಾಯ, ಬಲಗಿವಿಗೊಂದು ನ್ಯಾಯವಾಗುತ್ತದೆ. ಎರಡನೆಯ ದಾರಿಯಲ್ಲಿ ಜಾಡಿನ ಎರಡು ಗೋಡೆಗಳು ಪರಸ್ಪರ ಲಂಬವಾಗಿದ್ದು, ಪ್ರತಿಯೊಂದೂ 45 ಡಿಗ್ರಿ ವಾಲಿರುತ್ತದೆ. ಒಂದು ಗೋಡೆ ಎಡದ ದನಿಗೆ, ಇನ್ನೊಂದು ಬಲದ ದನಿಗೆ. ಗೋಡೆಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದರಿಂದ ಎರಡೂ ದನಿಗಳಿಗೆ ಸಮಾನ ಅವಕಾಶ. ಇನ್ನೊಂದು ಅನುಕೂಲವೂ ಇತ್ತು. ಎರಡೂ ದನಿಗಳ ಮೊತ್ತ ಅಡ್ಡ ಚಲನೆಯಾಗಿ ಉಳಿಯುವುದರಿಂದ, ಅಡ್ಡ ಚಲನೆಯನ್ನಷ್ಟೇ ಓದುವ ಏಕಧ್ವನಿ ಉಪಕರಣಕ್ಕೂ ಸಂಗೀತ ಪೂರ್ಣವಾಗಿಯೇ ಕೇಳುತ್ತಿತ್ತು. ಪೇಟೆಂಟ್‌ನಲ್ಲಿ ಬ್ಲುಮ್‌ಲೈನ್ ಎರಡು ದಾರಿಗಳನ್ನೂ ವಿವರಿಸಿದ್ದರು. ಕಾಲ ಆರಿಸಿಕೊಂಡದ್ದು ಎರಡನೆಯದನ್ನು.

1933ರಲ್ಲಿ ಅವರು ಡೊರೀನ್ ಲೇನ್ ಅವರನ್ನು ವಿವಾಹವಾದರು. 1934ರ ಜನವರಿಯಲ್ಲಿ ಅಬೆ ರೋಡ್ ಸ್ಟುಡಿಯೊದಲ್ಲಿ ಸರ್ ಥಾಮಸ್ ಬೀಚಮ್ ನಿರ್ದೇಶನದ ವಾದ್ಯವೃಂದ ಮೊಜಾರ್ಟ್‌ನ ಜೂಪಿಟರ್ ಸಿಂಫನಿಯನ್ನು ನುಡಿಸಿದಾಗ ಅದನ್ನು ಎರಡು ದನಿಗಳಲ್ಲಿ ಸೆರೆಹಿಡಿಯಲಾಯಿತು. ಪ್ರಯೋಗ ಸಫಲವಾಯಿತು. ಆದರೆ ಆರ್ಥಿಕ ಮುಗ್ಗಟ್ಟಿನ ಕಾಲ. ಅರಗಿನ ತಟ್ಟೆಗಳ ಸರಸರ ಸದ್ದು ಬೇರೆ. ಜನ ಹೊಸ ಯಂತ್ರ ಕೊಳ್ಳುವರೆಂಬ ಭರವಸೆ ಕಂಪನಿಗಿರಲಿಲ್ಲ. ಸ್ಟೀರಿಯೊ ಕಪಾಟು ಸೇರಿತು.

ಟೆಲಿವಿಷನ್, ಯುದ್ಧ, ಸಾವು

ಬ್ಲುಮ್‌ಲೈನ್ ಅವರನ್ನು ಟೆಲಿವಿಷನ್ ಸೆಳೆದುಕೊಂಡಿತು. 1936ರ ನವೆಂಬರ್‌ನಲ್ಲಿ ಬಿಬಿಸಿ ಲಂಡನ್‌ನಲ್ಲಿ ಪ್ರಸಾರ ಆರಂಭಿಸಿದಾಗ ಬೇರ್ಡ್ ಕಂಪನಿಯ 240 ಗೆರೆಗಳ ವ್ಯವಸ್ಥೆ ಮತ್ತು ಮಾರ್ಕೋನಿ-ಇಎಂಐ ಸಂಸ್ಥೆಯ 405 ಗೆರೆಗಳ ವ್ಯವಸ್ಥೆ ಸರದಿಯಂತೆ ಬಳಕೆಯಾದವು. ಹೋಲಿಕೆಯ ಫಲಿತಾಂಶಕ್ಕೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. 1937ರ ಫೆಬ್ರವರಿಯಲ್ಲಿ ಎರಡನೆಯದು ಮಾತ್ರ ಉಳಿಯಿತು. ಅದರ ವಿದ್ಯುತ್ ಮಂಡಲಗಳ ಹಿಂದೆ ಬ್ಲುಮ್‌ಲೈನ್ ಅವರ ಬುದ್ಧಿ ಇತ್ತು. ಒಟ್ಟು 128 ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ.

ಯುದ್ಧ ಬಂದಾಗ ಅವರು ರೇಡಾರ್ ಕೆಲಸಕ್ಕೆ ತೊಡಗಿದರು. ಇರುಳಿನಲ್ಲೂ ಮೋಡದ ಮೇಲಿನಿಂದಲೂ ನೆಲದ ನಕ್ಷೆಯನ್ನು ಕಾಣಿಸುವ ಎಚ್2ಎಸ್ ಎಂಬ ರೇಡಾರ್ ಪರೀಕ್ಷೆಯ ಹಂತದಲ್ಲಿತ್ತು. 1942ರ ಜೂನ್ 7ರಂದು ಡೆಫರ್ಡ್ ವಿಮಾನನೆಲೆಯಿಂದ ಮೇಲೇರಿದ ಹ್ಯಾಲಿಫ್ಯಾಕ್ಸ್ ವಿಮಾನದ ಎಂಜಿನ್‌ಗೆ ಬೆಂಕಿ ತಗುಲಿ, ಅದು ಹೆರೆಫರ್ಡ್‌ಶೈರ್‌ನ ವೆಲ್ಶ್ ಬಿಕ್ನರ್ ಬಳಿ ನೆಲಕ್ಕಪ್ಪಳಿಸಿತು. ಬ್ಲುಮ್‌ಲೈನ್, ಅವರ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈಥನ್ ಸೇರಿ ವಿಮಾನದಲ್ಲಿದ್ದ ಹನ್ನೊಂದು ಮಂದಿಯೂ ಮೃತಪಟ್ಟರು. ಎಂಜಿನ್‌ನ ಕವಾಟದ ಬಳಿಯ ನಟ್ ಒಂದನ್ನು ಸರಿಯಾಗಿ ಬಿಗಿಯದೆ ಬಿಟ್ಟದ್ದೇ ದುರಂತಕ್ಕೆ ಮೂಲವೆಂದು ತನಿಖೆ ಕಂಡುಕೊಂಡಿತು. ಜೀವನವಿಡೀ ಅಳತೆಯ ನಿಖರತೆಗಾಗಿ ದುಡಿದ ಮನುಷ್ಯ ಸಡಿಲಗೊಂಡ ಒಂದು ನಟ್‌ಗೆ ಬಲಿಯಾದರು. ಆಗ ಅವರಿಗೆ ಮೂವತ್ತೆಂಟು. ಪತ್ನಿ ಮತ್ತು ಇಬ್ಬರು ಎಳೆಯ ಗಂಡುಮಕ್ಕಳು ಹಿಂದುಳಿದರು.

ಶತ್ರುವಿಗೆ ಸುಳಿವು ಸಿಗಬಾರದೆಂದು ದುರಂತವನ್ನು ಗುಟ್ಟಾಗಿಡಲಾಯಿತು. ದೇಶ ಕಳೆದುಕೊಂಡದ್ದು ಯಾರನ್ನೆಂಬುದು ದೇಶಕ್ಕೇ ತಿಳಿಯಲಿಲ್ಲ. ಉಳಿದವರು ಕೆಲಸ ಮುಂದುವರಿಸಿದರು. 1943ರ ಜನವರಿ ಕೊನೆಯಲ್ಲಿ ಎಚ್2ಎಸ್ ಕಾರ್ಯಾಚರಣೆಗಿಳಿಯಿತು.

ಹಿಂತಿರುಗಿ ಬಂದ ಜಾಡು

ವಿನೈಲ್ ತಟ್ಟೆ ಬಂದು ಸರಸರ ಸದ್ದು ಅಡಗಿದ ಮೇಲೆ ಸ್ಟೀರಿಯೊಗೆ ಮತ್ತೆ ಜೀವ ಬಂತು. 1957ರಲ್ಲಿ ವೆಸ್ಟ್ರೆಕ್ಸ್ ಕಂಪನಿ 45 ಡಿಗ್ರಿ ಗೋಡೆಗಳ ತಟ್ಟೆಯನ್ನು ಪ್ರದರ್ಶಿಸಿತು. ಮರುವರ್ಷ ಉದ್ಯಮ ಅದನ್ನೇ ಪ್ರಮಾಣವಾಗಿ ಒಪ್ಪಿತು. ಬ್ಲುಮ್‌ಲೈನ್ ಅವರ ಪೇಟೆಂಟ್ ಅವಧಿ ಅಷ್ಟರಲ್ಲಿ ಮುಗಿದಿತ್ತು. ವೆಸ್ಟ್ರೆಕ್ಸ್ ವೆಸ್ಟರ್ನ್ ಎಲೆಕ್ಟ್ರಿಕ್ ಬಳಗದ್ದೇ ಕಂಪನಿ ಎಂಬುದನ್ನು ನೆನೆದರೆ ವಿಧಿಯ ವ್ಯಂಗ್ಯ ಎದ್ದುಕಾಣುತ್ತದೆ. ಯಾರಿಗೆ ರಾಯಲ್ಟಿ ತಪ್ಪಿಸಲೆಂದು ಅವರನ್ನು ಕರೆತರಲಾಗಿತ್ತೋ ಅವರ ಬಳಗದಿಂದಲೇ ಅವರ ಕಲ್ಪನೆ ಲೋಕಕ್ಕೆ ಬಂದಿತು.

ಸ್ಟೀರಿಯೊ ಕಾರ್ಟ್ರಿಜ್ ಪರೀಕ್ಷಿಸುವವರು ಇಂದಿಗೂ ಮಾಡುವುದು ಬ್ಲುಮ್‌ಲೈನ್ ತಂತಿಗಳ ಮೇಲೆ ಮಾಡಿದ ಕೆಲಸವನ್ನೇ. ಪರೀಕ್ಷಾ ತಟ್ಟೆಯಲ್ಲಿ ತಗ್ಗಿನಿಂದ ತಾರಕದವರೆಗೆ, 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ, ತಿಳಿದ ಮಟ್ಟದ ಸ್ವರಗಳಿರುತ್ತವೆ. ಮೊದಲು ಎಡಗೋಡೆಯ ಸ್ವರ, ಬಳಿಕ ಬಲಗೋಡೆಯದು. ಎರಡು ರೇಖೆಗಳು ಒಂದರ ಮೇಲೊಂದು ಕೂಡುತ್ತವೆಯೇ? ಒಂದು ಗೋಡೆಯ ಸ್ವರ ಇನ್ನೊಂದರ ತಂತಿಗೆ ಎಷ್ಟು ಸೋರುತ್ತದೆ? ಒಳ್ಳೆಯ ಕಾರ್ಟ್ರಿಜ್‌ನಲ್ಲಿ 1,000 ಹರ್ಟ್ಸ್ ಸ್ವರದ ಸೋರಿಕೆ 25 ಡೆಸಿಬೆಲ್‌ಗಳಷ್ಟಾದರೂ ಕೆಳಗಿರಬೇಕೆಂದು ನಿರೀಕ್ಷಿಸುತ್ತಾರೆ. ಎರಡು ಕಾರ್ಟ್ರಿಜ್‌ಗಳನ್ನು ಹೋಲಿಸುವಾಗ ಒಂದೇ ತಟ್ಟೆ, ಒಂದೇ ಶಾಖ, ಒಂದೇ ಆಂಪ್ಲಿಫೈಯರ್ ಇರಬೇಕು. ಆಗ ತಟ್ಟೆಯ ತಪ್ಪು ಎರಡೂ ರೇಖೆಗಳಲ್ಲಿ ಸಮನಾಗಿ ಬರುವುದರಿಂದ ಉಳಿಯುವ ವ್ಯತ್ಯಾಸ ಕಾರ್ಟ್ರಿಜ್‌ಗಳದ್ದೇ. ಮುಳ್ಳಿನ ಮೇಲಿನ ಭಾರವನ್ನು ಆಯಾ ತಯಾರಕರು ಹೇಳಿದಂತೆ ಇಡಬೇಕು. ಚಲಿಸುವ ಕಾಂತದ ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ 47,000 ಓಮ್ ಹೊರೆ ಬೇಕು. ಜೋಡಿಸುವ ತಂತಿ ಬದಲಾದರೂ ತಾರಕದ ರೇಖೆ ಮೇಲೆ ಕೆಳಗಾಗುವುದುಂಟು. ಇದನ್ನು ಗಮನಿಸದೆ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ನ್ಯಾಯವಲ್ಲ.

ಬ್ಲುಮ್‌ಲೈನ್ ಅವರ ಪೂರ್ಣ ಪ್ರಮಾಣದ ಜೀವನಚರಿತ್ರೆ ಪ್ರಕಟವಾಗಲು 1999 ಬರಬೇಕಾಯಿತು. 2015ರಲ್ಲಿ ಅಬೆ ರೋಡ್ ಸ್ಟುಡಿಯೊದಲ್ಲಿ ಅವರ ಸಾಧನೆಯ ಫಲಕ ಅನಾವರಣಗೊಂಡಿತು. 2017ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪುರಸ್ಕಾರ ಮರಣೋತ್ತರವಾಗಿ ಸಂದಿತು. ತಡವಾಗಿ ಬಂದ ಈ ಗೌರವಗಳಿಗೂ ಮೊದಲೇ, ಅವರ ಹೆಸರನ್ನು ಕೇಳಿರದ ಕೋಟ್ಯಂತರ ಮನೆಗಳಲ್ಲಿ ಮುಳ್ಳು ಅವರು ತೋರಿಸಿದ ಎರಡು ಗೋಡೆಗಳ ನಡುವೆಯೇ ಸಾಗುತ್ತಿತ್ತು. ಇಂದಿಗೂ ಹಾಗೆಯೇ ಸಾಗುತ್ತಿದೆ.