ಬಾಳೂ ಪಾಲವಣಕರ: ಧಾರವಾಡದಲ್ಲಿ ಜನಿಸಿದ ಶ್ರೇಷ್ಠ ಚೆಂಡೆಸೆತಗಾರ

ಧಾರವಾಡವೆಂದೊಡನೆ ಈ ಭಾಗದ ಜನರ ಕಣ್ಮುಂದೆ ವಿದ್ಯಾಲಯಗಳು ಬರುತ್ತವೆ, ಸಂಗೀತಗಾರರು ಬರುತ್ತಾರೆ, ಕವಿವರ್ಯರು ಬರುತ್ತಾರೆ. ಕೋಗಿಲಬನ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದ ಉನ್ನತ ವ್ಯಾಸಂಗಕ್ಕೆಂದು ಹೊರಟ ಎಷ್ಟೋ ವಿದ್ಯಾರ್ಥಿಗಳು ಆ ನಗರದ ನೆರಳಿನಲ್ಲಿ ಬೆಳೆದಿದ್ದಾರೆ. ಆದರೆ ಭಾರತೀಯ ಕ್ರಿಕೆಟ್ಟಿನ ಮೊದಲ ಶ್ರೇಷ್ಠ ಚೆಂಡೆಸೆತಗಾರರೆಂದು ಚರಿತ್ರಕಾರರು ಮನ್ನಿಸಿರುವ ವ್ಯಕ್ತಿಯೊಬ್ಬರು ಇದೇ ಧಾರವಾಡದಲ್ಲಿ ಜನಿಸಿದರೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಬಾಳೂ ಪಾಲವಣಕರರು. ಅವರು ಆಡಿದ ಕ್ರೀಡಾಋತುಗಳನ್ನು ಹಿಂದಿರುಗಿ ನೋಡುವುದೆಂದರೆ ಓಟಗಳ, ವಿಕೆಟ್ಟುಗಳ ಲೆಕ್ಕವನ್ನಷ್ಟೇ ನೋಡುವುದಲ್ಲ. ಒಂದು ಸಮಾಜವು ಮನುಷ್ಯನ ಕೈಚಳಕವನ್ನು ಬೇಗ ಒಪ್ಪಿ, ಅವನ ನಾಯಕತ್ವವನ್ನು ಒಪ್ಪಲು ಎಷ್ಟು ಕಾಲ ತೆಗೆದುಕೊಂಡಿತೆಂಬುದನ್ನು ನೋಡುವುದೂ ಹೌದು.

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಳೂ ಅವರು 1876ನೆಯ ಇಸವಿ ಮಾರ್ಚ್ 19ರಂದು ಜನಿಸಿದರು. ಅಂದು ಅಸ್ಪೃಶ್ಯವೆಂದು ಎಣಿಸಲ್ಪಟ್ಟಿದ್ದ ಚರ್ಮಕಾರ ಸಮಾಜ ಅವರದು. ಮನೆತನದ ಹೆಸರು ಕೊಂಕಣ ತೀರದ ಪಾಲವಣ ಗ್ರಾಮದಿಂದ ಬಂದದ್ದು. ತಂದೆಯವರು ಸೇನೆಗೆ ಸಂಬಂಧಿಸಿದ ಉದ್ಯೋಗದಲ್ಲಿದ್ದುದರಿಂದ ಬಾಳೂ ಅವರ ಬಾಲ್ಯವು ಪುಣೆಯಲ್ಲಿ ಕಳೆಯಿತು. ಅಲ್ಲಿ ಇಂಗ್ಲಿಷ್ ಅಧಿಕಾರಿಗಳು ಆಡಿ ಬಿಸುಟ ದಾಂಡು ಚೆಂಡುಗಳಿಂದ ಅವರೂ ತಮ್ಮ ಶಿವರಾಮರೂ ಆಟವನ್ನು ಕಲಿತರು. ಕಲಿಸಿದ ಗುರುವಿಲ್ಲ, ಸೇರಿಸಿಕೊಂಡ ತಂಡವಿಲ್ಲ. ಮನೆಯ ಬಡತನದಿಂದಾಗಿ ಶಾಲೆಯೂ ಬೇಗನೆ ಬಿಟ್ಟುಹೋಯಿತು.

ಅವರಿಗೆ ದೊರೆತ ಮೊದಲ ಕೆಲಸ ಪುಣೆಯ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನವನ್ನು ಗುಡಿಸುವುದು, ಪಿಚ್ಚಿಗೆ ರೋಲರು ಎಳೆಯುವುದು, ಬಿಡುವಾದಾಗ ಸದಸ್ಯರಿಗೆ ಚೆಂಡೆಸೆಯುವುದು ಇವಿಷ್ಟಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳವು 4 ರೂಪಾಯಿಗೆ ಏರಿತು. ಅಲ್ಲಿ ಬಲೆ ಕಟ್ಟುವುದು, ಸುಣ್ಣದ ಗೆರೆ ಹಾಕುವುದು ಅವರ ಪಾಲಿನ ಕಾಯಕವಾಗಿತ್ತು. ಟ್ರಾಸ್ ಎಂಬ ಆಂಗ್ಲ ಆಟಗಾರರು ಇವರ ಎಡಗೈಯ ನಿಧಾನಗತಿಯ ಎಸೆತವನ್ನು ಕಂಡು ಪ್ರೋತ್ಸಾಹಿಸಿದರು. ಅಂದಿನ ಪ್ರಸಿದ್ಧ ದಾಂಡಿಗರಾದ ಗ್ರೆಗ್ ಅವರು ಇತರರಿಗಿಂತ ಒಂದು ಗಂಟೆ ಮುಂಚಿತವಾಗಿ ಬಂದು ಬಾಳೂ ಅವರ ಎಸೆತದೆದುರು ಅಭ್ಯಾಸ ಮಾಡುತ್ತಿದ್ದರಂತೆ. ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೆ ಅವರು ಎಂಟಾಣೆ ಕೊಡುತ್ತಿದ್ದರೆಂಬ ಐತಿಹ್ಯವೂ ಉಂಟು. ಈ ಅಭ್ಯಾಸದಿಂದ ಗ್ರೆಗ್ ಅವರ ದಾಂಡು ಎಷ್ಟು ಬಲಿಯಿತೋ ಬಾಳೂ ಅವರ ಬೆರಳುಗಳು ಅದಕ್ಕಿಂತ ಹೆಚ್ಚು ಪಳಗಿದವು. ಚೆಂಡನ್ನು ಎರಡೂ ಕಡೆ ತಿರುಗಿಸುವುದು, ವೇಗವನ್ನು ಗೊತ್ತಾಗದಂತೆ ಬದಲಿಸುವುದು, ಗಂಟೆಗಟ್ಟಲೆ ಒಂದೇ ಸ್ಥಳದಲ್ಲಿ ಚೆಂಡನ್ನು ಪುಟಿಸುವುದು ಅವರಿಗೆ ಕರಗತವಾದದ್ದು ಅಲ್ಲಿಯೇ.

ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಆ ಕ್ಲಬ್ಬಿನಲ್ಲಿ ನೂರಾರು ಗಂಟೆ ಚೆಂಡೆಸೆದ ಬಾಳೂ ಅವರಿಗೆ ಒಂದು ಸಲವೂ ದಾಂಡನ್ನು ಹಿಡಿಯಲು ಅವಕಾಶ ಕೊಡಲಿಲ್ಲವೆಂದು ಅವರೇ ಮುಂದೆ ತಮ್ಮ ಮಗನಿಗೆ ಹೇಳಿದ್ದರು. ದಾಂಡು ಬೀಸುವುದು ಒಡೆಯರ ಆಟ, ಚೆಂಡೆಸೆಯುವುದು ಸೇವಕರ ದುಡಿಮೆ ಎಂಬ ಭಾವನೆ ಅಂದು ಇಂಗ್ಲೆಂಡಿನಲ್ಲಿಯೂ ಇತ್ತು, ಇಲ್ಲಿಯೂ ಇತ್ತು.

ಪುಣೆಯ ಹಿಂದೂ ಆಟಗಾರರ ತಂಡಕ್ಕೆ ಐರೋಪ್ಯರನ್ನು ಸೋಲಿಸುವ ಹಂಬಲವಿತ್ತು. ಐರೋಪ್ಯರ ಮೈದಾನದಲ್ಲಿಯೇ ಪಳಗಿದ ಈ ಯುವಕನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತಂಡದಲ್ಲಿ ವಾದವಾಯಿತು. ಕೊನೆಗೆ ಗೆಲುವಿನ ಆಸೆಯು ಮಡಿಯನ್ನು ಮೀರಿತು. ಆದರೆ ಮೈದಾನದ ಗೆರೆಯವರೆಗೆ ಮಾತ್ರ. ಗೆರೆಯೊಳಗೆ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವೇಳೆಯಲ್ಲಿ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹ ಬರುತ್ತಿತ್ತು. ಉಳಿದವರಿಗೆ ಒಳಗಡೆ ಪಿಂಗಾಣಿಯ ಬಟ್ಟಲು. ಊಟದ ಪಂಕ್ತಿಯೂ ಬೇರೆ. ಚರ್ಮಕಾಯಕದ ಶರಣ ಹರಳಯ್ಯನವರನ್ನು ಪೂಜ್ಯಭಾವದಿಂದ ನೆನೆಯುವ ನಾಡಿನವರಾದ ನಮಗೆ ಈ ಸಂಗತಿಯು ಮನಸ್ಸನ್ನು ಕಲಕದೆ ಇರದು.

ಸಾತಾರಾದ ಐರೋಪ್ಯರ ಜಿಮ್ಖಾನಾದೊಡನೆ ನಡೆದ ಪಂದ್ಯವು ಈ ಸ್ಥಿತಿಯನ್ನು ಸ್ವಲ್ಪ ಅಲುಗಿಸಿತು. ಬಾಳೂ ಅವರ ಎಸೆತವನ್ನು ನಿಷ್ಫಲಗೊಳಿಸಬೇಕೆಂದು ಆತಿಥೇಯರು ಒಂದು ವಾರದವರೆಗೆ ಪಿಚ್ಚಿಗೆ ರೋಲರು ಎಳೆಸಿದ್ದರಂತೆ. ಆದರೂ ಬಾಳೂ ಅವರು 7 ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದರು. ಬಳಿಕ ಪುಣೆಯಲ್ಲಿ ನಡೆದ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಅವರಿಗೆ ಮಾಲೆ ಹಾಕಿದರು. ಜೊತೆಗೂಡಿ ಆಡಬಲ್ಲವರು ಜೊತೆಗೂಡಿ ಉಣ್ಣಲು ಏಕೆ ಹಿಂಜರಿಯಬೇಕೆಂಬ ಅರ್ಥದ ಹಿತವಚನವನ್ನೂ ತಂಡದವರಿಗೆ ಹೇಳಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಾಳೂ ಅವರು ಮುಂಬಯಿಗೆ ತೆರಳಿ ರೈಲ್ವೆಯಲ್ಲಿ ಉದ್ಯೋಗ ಪಡೆದರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾದ ಪರವಾಗಿ ಆಡತೊಡಗಿದರು. ಅಲ್ಲಿಯೂ ಅವರ ಪ್ರವೇಶಕ್ಕೆ ವಿರೋಧವಿತ್ತು; ನಾಯಕ ಕೀರ್ತಿಕರರ ಒತ್ತಾಸೆಯಿಂದ ಅದು ಸಾಧ್ಯವಾಯಿತು.

ಅಂದಿನ ಮುಂಬಯಿಯ ಪಂದ್ಯಾವಳಿಯ ಸ್ವರೂಪವನ್ನು ಇಲ್ಲಿ ತಿಳಿಯುವುದು ಅವಶ್ಯ. ತಂಡಗಳು ಪ್ರಾಂತಗಳ ಹೆಸರಿನಲ್ಲಿ ಇರಲಿಲ್ಲ, ಮತಗಳ ಹೆಸರಿನಲ್ಲಿದ್ದವು. 1892ರಿಂದ ಐರೋಪ್ಯರೂ ಪಾರಸಿಗಳೂ ವಾರ್ಷಿಕ ಪಂದ್ಯವನ್ನಾಡುತ್ತಿದ್ದರು. 1907ರಲ್ಲಿ ಹಿಂದೂ ತಂಡ ಸೇರಿ ಅದು ತ್ರಿಕೋಣವಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ಚತುಷ್ಕೋಣವಾಯಿತು. 1937ರಲ್ಲಿ ಉಳಿದವರ ತಂಡವೂ ಸೇರಿ ಪಂಚಕೋಣವಾಯಿತು. ಇಂಥ ಪಂದ್ಯಗಳಲ್ಲಿ ಕಾಲೇಜು ವಿದ್ಯೆ ಪಡೆದ ಗೃಹಸ್ಥರೂ ಆಟದಿಂದಲೇ ಹೊಟ್ಟೆ ಹೊರೆದ ಬಾಳೂ ಅವರಂಥವರೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು.

1906ರ ಫೆಬ್ರುವರಿಯಲ್ಲಿ ಹಿಂದೂ ತಂಡವು ಐರೋಪ್ಯರನ್ನು ಮುಂಬಯಿಯಲ್ಲಿ ಎದುರಿಸಿತು. ಹಿಂದೂಗಳು ಮೊದಲ ಸರದಿಯಲ್ಲಿ 242 ಓಟ, ಎರಡನೆಯದರಲ್ಲಿ 160 ಓಟ ಗಳಿಸಿದರು. ಐರೋಪ್ಯರು 191 ಮತ್ತು 102 ಓಟಗಳಿಗೆ ಮುಗಿದರು. 109 ಓಟಗಳ ಈ ವಿಜಯದಲ್ಲಿ ಬಾಳೂ ಅವರ ಎಸೆತದ ಪಾಲು ದೊಡ್ಡದು. ತಂಡದಲ್ಲಿ ಶಿವರಾಮರೂ ಇದ್ದರು. ವಂಗಭಂಗದ ಚಳವಳಿಯಿಂದ ದೇಶ ಎಚ್ಚೆತ್ತಿದ್ದ ಕಾಲವದು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸಂತೋಷ ಎಲ್ಲೆಡೆ ಹಬ್ಬಿತು. ಸುಧಾರಕರ ಪತ್ರಿಕೆಯಾದ ಇಂಡಿಯನ್ ಸೋಷಲ್ ರಿಫಾರ್ಮರ್ ಈ ಗೆಲುವಿನಲ್ಲಿ ಇನ್ನೊಂದು ಪಾಠವನ್ನು ಕಂಡಿತು. ಜಾತಿಯನ್ನು ಬದಿಗಿಟ್ಟು ಯೋಗ್ಯರನ್ನು ಆರಿಸಿದ್ದರಿಂದಲೇ ಗೆಲುವು ಬಂದಿತು, ಹೀಗೆ ಆರಿಸಿದ್ದೇ ಗೆಲುವಿಗಿಂತ ಮಿಗಿಲು ಎಂಬುದು ಅದರ ಅಭಿಪ್ರಾಯದ ಸಾರಾಂಶ.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಪ್ರಯಾಣ ಮಾಡಿತು. ಮತದ ಹೆಸರಿನ ತಂಡಗಳಲ್ಲಿ ಆಡಿದವರು ಅಲ್ಲಿ ದೇಶದ ಹೆಸರಿನಲ್ಲಿ ಒಂದಾದರು. ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಆದರೆ 35ರ ವಯಸ್ಸಿನ ಬಾಳೂ ಅವರು, ಭುಜದ ನೋವನ್ನು ಸಹಿಸಿಕೊಂಡು, ಆ ಪ್ರವಾಸದಲ್ಲಿ ಒಟ್ಟು 114 ವಿಕೆಟ್ ಪಡೆದರು. ಅವುಗಳಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳವು. ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡದ ವಿರುದ್ಧ ಒಂದೇ ಸರದಿಯಲ್ಲಿ 103 ಓಟ ಕೊಟ್ಟು 8 ವಿಕೆಟ್ ಕಿತ್ತರು. ಲೀಸ್ಟರ್‌ಷೈರ್ ವಿರುದ್ಧ ಭಾರತ ಗೆದ್ದ ಪಂದ್ಯದಲ್ಲಿ ಎರಡೂ ಸರದಿ ಸೇರಿ 11 ವಿಕೆಟ್ ಪಡೆದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ವ್ಯಕ್ತಿಯು ವಿಶ್ವವಿಖ್ಯಾತ ವಿದ್ಯಾಪೀಠದ ತರುಣರಿಗೆ ಆಟದ ಪಾಠ ಕಲಿಸಿದ ಆ ದಿನವನ್ನು ಅಧ್ಯಾಪಕರಾದವರು ವಿಶೇಷವಾಗಿ ನೆನೆಯಬೇಕು. ತಾಯ್ನಾಡಿಗೆ ಮರಳಿದಾಗ ಮುಂಬಯಿಯ ದಲಿತ ಸಮಾಜವು ಅವರನ್ನು ಹೆಮ್ಮೆಯಿಂದ ಸ್ವಾಗತಿಸಿತು. ಅಂದು ತರುಣರಾಗಿದ್ದ ಡಾ. ಅಂಬೇಡ್ಕರರಿಗೂ ಅವರು ಅಭಿಮಾನದ ವ್ಯಕ್ತಿಯಾಗಿದ್ದರು.

ಇಷ್ಟೆಲ್ಲ ಸಾಧಿಸಿದ ಮೇಲೆ ತಂಡದ ನಾಯಕತ್ವವು ಅವರಿಗೆ ತಾನಾಗಿ ಬರಬೇಕಾಗಿತ್ತು. ಬರಲಿಲ್ಲ. 1910ರಿಂದ ಒಂದು ದಶಕದ ಕಾಲ, ವರ್ಷ ವರ್ಷವೂ ಅವರ ಹೆಸರು ಕೇಳಿಬಂದು ಹಿಂದೆ ಸರಿಯುತ್ತಿತ್ತು. ನಾಯಕನಾದವನು ಮೇಲ್ಜಾತಿಯ ವಿದ್ಯಾವಂತನಾಗಿರಬೇಕೆಂಬ ಭಾವನೆಯು ಆಯ್ಕೆಗಾರರ ಮನಸ್ಸಿನಲ್ಲಿ ಬೇರೂರಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ತಮ್ಮ ಸನ್ಮಾನ ಸಮಾರಂಭದಲ್ಲಿಯೇ ಈ ಗೌರವವು ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡದ್ದು ಅವರ ದೊಡ್ಡತನ.

1920ರ ಚತುಷ್ಕೋಣ ಪಂದ್ಯಾವಳಿಯಲ್ಲಿ ವಿಷಯವು ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಪೈ ಅವರು ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಬರಲಾಗದೆ, ಪುಣೆಯ ಸಂಸ್ಕೃತ ಪ್ರಾಧ್ಯಾಪಕರೂ ಉತ್ತಮ ದಾಂಡಿಗರೂ ಆಗಿದ್ದ ಡಿ. ಬಿ. ದೇವಧರರಿಗೆ ನಾಯಕತ್ವವನ್ನು ವಹಿಸಲಾಯಿತು. ಬಾಳೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ಅಷ್ಟು ಹೊತ್ತಿಗೆ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲರು ತಂಡದ ಪ್ರಮುಖ ದಾಂಡಿಗರಾಗಿದ್ದರು. ಅವರಿಬ್ಬರೂ ತಾವು ಆಡುವುದಿಲ್ಲವೆಂದು ಹಿಂದೆ ಸರಿದರು. ಜಾತಿಯ ಕಾರಣದಿಂದ ಆಗುತ್ತಿರುವ ಅನ್ಯಾಯವನ್ನು ಪತ್ರಿಕೆಗಳ ಮೂಲಕ ಸಾರ್ವಜನಿಕರ ಮುಂದಿಟ್ಟರು. ಅದೊಂದು ಸುಲಭದ ನಿರ್ಧಾರವಾಗಿರಲಿಲ್ಲ. ಆಟಗಾರನ ಆಯುಷ್ಯದಲ್ಲಿ ಋತುಗಳು ಕೆಲವೇ. ಬಿಟ್ಟುಕೊಟ್ಟ ಪಂದ್ಯವು ತಿರುಗಿ ಬಾರದು. ಆದರೆ ಅದರ ಫಲ ಕೂಡಲೇ ಕಂಡಿತು. ಮುಂದಿನ ಪಂದ್ಯಕ್ಕೆ ಸಹೋದರರು ಮರಳಿದರು, ಬಾಳೂ ಅವರು ಉಪನಾಯಕರಾದರು. ಆಟದ ನಡುವೆ ಪೈ ಅವರು ಮೈದಾನದಿಂದ ಹೊರಗುಳಿದು ಕೆಲಹೊತ್ತು ತಂಡವನ್ನು ನಡೆಸುವ ಅವಕಾಶವನ್ನು ಅವರಿಗೆ ಮಾಡಿಕೊಟ್ಟರು. ಬಾಳೂ ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ.

ಅಣ್ಣನಿಗೆ ದೊರೆಯದುದು ತಮ್ಮನಿಗೆ ದೊರೆಯಿತು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು ಮತ್ತು ಆ ವರ್ಷದ ಚತುಷ್ಕೋಣ ಪ್ರಶಸ್ತಿಯನ್ನು ಗೆದ್ದರು. ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮಣ್ಣಿನ ಕುಡಿಕೆಯಿಂದ ಹೆಗಲ ಮೇಲಿನ ಮೆರವಣಿಗೆಯವರೆಗಿನ ಆ ದಾರಿಯನ್ನು ಕ್ರಮಿಸಲು ಒಂದು ಮನೆತನಕ್ಕೆ ಕಾಲು ಶತಮಾನಕ್ಕೂ ಮಿಕ್ಕಿ ಹಿಡಿಯಿತು.

ಆಟದಿಂದ ನಿವೃತ್ತರಾದ ಬಳಿಕ ಬಾಳೂ ಅವರು ಸಾರ್ವಜನಿಕ ಜೀವನಕ್ಕೆ ಇಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅವರು ಗಾಂಧೀಜಿಯವರ ಕಡೆಗಿದ್ದು, ಡಾ. ಅಂಬೇಡ್ಕರರಿಂದ ಬೇರೆಯಾದ ದಾರಿ ಹಿಡಿದಿದ್ದರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರು 13,245 ಮತಗಳನ್ನೂ ಬಾಳೂ ಅವರು 11,225 ಮತಗಳನ್ನೂ ಪಡೆದರು. ಒಂದೇ ನೋವನ್ನು ಉಂಡ ಇಬ್ಬರು ಅದರ ಪರಿಹಾರದ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದರೆಂಬುದು ಯಾರ ಹಿರಿಮೆಯನ್ನೂ ಕುಂದಿಸುವುದಿಲ್ಲ.

1955ರ ಜುಲೈ 4ರಂದು ಬಾಳೂ ಅವರು ಕಾಲವಶರಾದರು. ಅವರು ಆಡಿದ ಪಂದ್ಯಾವಳಿಯು ಅದಕ್ಕೂ ಮೊದಲೇ ಕೊನೆಗೊಂಡಿತ್ತು. ಮತಗಳ ಹೆಸರಿನಲ್ಲಿ ತಂಡ ಕಟ್ಟುವುದನ್ನು ಗಾಂಧೀಜಿಯವರು 1940ರಲ್ಲಿ ಒಪ್ಪಲಿಲ್ಲ. 1945-46ರ ಋತುವಿನ ನಂತರ ಆ ಪಂದ್ಯಗಳು ನಿಂತವು. 1934ರಲ್ಲಿ ಆರಂಭವಾದ ರಣಜಿ ಪಂದ್ಯಾವಳಿಯಲ್ಲಿ ಆಟಗಾರನ ಗುರುತು ಅವನ ಪ್ರಾಂತವಾಯಿತು. ಧಾರವಾಡಕ್ಕೆ ಸಮೀಪದ ಗದಗಿನ ಸುನೀಲ ಜೋಶಿಯವರು ಎಡಗೈಯ ತಿರುಗೆಸೆತದಿಂದಲೇ ಭಾರತ ತಂಡವನ್ನು ಸೇರಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 6 ಓಟಗಳಿಗೆ 5 ವಿಕೆಟ್ ಪಡೆದಾಗ, ಈ ಸೀಮೆಯ ಮಣ್ಣಿಗೂ ಆ ಕಲೆಗೂ ಇರುವ ನಂಟು ಮತ್ತೆ ನೆನಪಾಗುವಂತಾಯಿತು.

ಪುಸ್ತಕದ ಲೆಕ್ಕದಲ್ಲಿ ಬಾಳೂ ಅವರ ಪ್ರಥಮ ದರ್ಜೆಯ ಪಂದ್ಯಗಳು 33, ವಿಕೆಟ್ಟುಗಳು 179, ಪ್ರತಿ ವಿಕೆಟ್ಟಿಗೆ ಕೊಟ್ಟ ಓಟಗಳ ಸರಾಸರಿ 15.21. ಈ ಲೆಕ್ಕವು ತೊಡಗುವ ಹೊತ್ತಿಗೆ ಅವರಿಗೆ ಮೂವತ್ತು ತುಂಬುತ್ತ ಬಂದಿತ್ತು. ಅದಕ್ಕೂ ಹಿಂದಿನ ಹತ್ತು ಹದಿನೈದು ವರ್ಷಗಳ ಯೌವನದ ಎಸೆತಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ನಾಯಕರ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ.

ಶಾಲೆಯ ಬಯಲು ಮಗುವಿಗೆ ಸಮಾಜದ ಮೊದಲ ಪರಿಚಯ ಮಾಡಿಕೊಡುವ ಸ್ಥಳ. ಅಲ್ಲಿ ಗೆರೆ ಹಾಕಲು, ನೀರು ತರಲು, ಬಲೆ ಕಟ್ಟಲು ಪ್ರತಿದಿನವೂ ಒಂದೇ ಮಗುವನ್ನು ಕರೆಯುತ್ತಿದ್ದೇವೆಯೇ? ತಂಡದ ನಾಯಕನನ್ನು ಆರಿಸುವಾಗ ಆ ಮಗುವಿನ ಹೆಸರು ನಮ್ಮ ನಾಲಗೆಗೆ ಬರುತ್ತದೆಯೇ? ದಾನಿಗಳು ಕೊಟ್ಟ ಆಟದ ಸಾಮಗ್ರಿ ಮೊದಲು ಯಾರ ಕೈ ಸೇರುತ್ತದೆ? ಈ ಪ್ರಶ್ನೆಗಳನ್ನು ಪ್ರತಿ ವರ್ಷದ ಆರಂಭದಲ್ಲಿ ಕೇಳಿಕೊಳ್ಳುವ ಅಧ್ಯಾಪಕರಿರುವ ಶಾಲೆಯಲ್ಲಿ ಬಾಳೂ ಪಾಲವಣಕರರ ಜೀವನ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.